ಲೆಕ್ಕ ಕೇಳುವ ವಿದ್ಯೆ

ಹಾಜರಿ ಸಿಗುತ್ತದೆಂಬ ಭರವಸೆಯ ಮೇಲೆ ಕೊನೆಯ ಬೆಂಚಿನವರೆಗೂ ತುಂಬಿಕೊಂಡಿರುವ ಬಿ.ಕಾಂ ವಿದ್ಯಾರ್ಥಿಗಳೇ,

ಈ ದತ್ತಿ ಉಪನ್ಯಾಸಕ್ಕೆ ಕರೆಯಲು ಬಂದಿದ್ದ ಮೇಷ್ಟರನ್ನು ನಾನು ಕೇಳಿದ ಮೊದಲ ಪ್ರಶ್ನೆ, ದತ್ತಿಯ ಹಣ ಎಲ್ಲಿದೆ ಎಂದು. ಬ್ಯಾಂಕಿನಲ್ಲಿದೆ ಸಾರ್ ಎಂದರು. ಠೇವಣಿ ರಸೀದಿಯನ್ನು ನೀವು ಕಣ್ಣಾರೆ ನೋಡಿದ್ದೀರಾ ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಆಫೀಸಿಗೆ ಫೋನು ಹಚ್ಚಿ ಹತ್ತು ನಿಮಿಷದಲ್ಲಿ ರಸೀದಿಯ ಫೋಟೊ ತರಿಸಿದರು. ಕಾಲೇಜಿನ ಹೆಸರಿನಲ್ಲೇ ಇದೆ, ಅವಧಿ ಮುಗಿದಿಲ್ಲ, ಅದರ ಮೇಲೆ ಸಾಲ ಎತ್ತಿದ ಗುರುತಿಲ್ಲ. ಸರಿ, ಬರುತ್ತೇನೆ ಎಂದೆ. ಮೇಷ್ಟರು ಬೇಜಾರು ಮಾಡಿಕೊಳ್ಳಲಿಲ್ಲ ಅಂದುಕೊಂಡಿದ್ದೇನೆ. ಇದು ನಲವತ್ತು ವರ್ಷದ ಚಟ. ಮದುವೆಮನೆಗೆ ಹೋದರೂ ಪಂಕ್ತಿಯಲ್ಲಿ ಬಾಳೆಲೆ ಎಣಿಸುವವನು ನಾನು.

ಈಗ ನಿಮಗೊಂದು ಪ್ರಶ್ನೆ. ಈ ದತ್ತಿಯ ಹಣ ಬಂದ ದಿನ ಅದನ್ನು ಪುಸ್ತಕದಲ್ಲಿ ಎಲ್ಲಿ ಬರೆಯಬೇಕು? ಆದಾಯ ಎಂದು ನಾಲ್ಕೈದು ದನಿ ಕೇಳಿಸಿದವು. ಅಲ್ಲ. ಮೂಲಧನವನ್ನು ಮುಟ್ಟಬಾರದು, ಬಡ್ಡಿಯಲ್ಲಿ ಮಾತ್ರ ಉಪನ್ಯಾಸ ನಡೆಸಬೇಕು ಎಂಬ ಷರತ್ತಿನ ಮೇಲೆ ಬಂದ ಹಣ ಅದು. ಅಂಥದ್ದು ಆದಾಯ-ವೆಚ್ಚದ ಪಟ್ಟಿಗೆ ಹೋಗುವುದಿಲ್ಲ. ನೇರವಾಗಿ ಮೂಲನಿಧಿ ಅಂತ ಆಸ್ತಿ-ಹೊಣೆ ಪಟ್ಟಿಯ ಹೊಣೆಯ ಕಡೆ ಕೂರುತ್ತದೆ. ಬಡ್ಡಿ ಮಾತ್ರ ಆದಾಯ. ಮೂಲನಿಧಿ ಎಂದು ಪಿಸುಗುಟ್ಟಿದ ಹುಡುಗಿ ಎರಡನೇ ಸಾಲಿನಲ್ಲಿದ್ದಾಳೆ, ನನಗೆ ಕೇಳಿಸಿತು. ಅವಳಿಗೆ ಪರೀಕ್ಷೆಯಲ್ಲಿ ಪೂರ್ತಿ ಅಂಕ. ಆದರೆ ರಸೀದಿ ಎಲ್ಲಿ ಅಂತ ಅವಳೂ ಕೇಳಲಿಲ್ಲ.

ನಾನು ಇವತ್ತು ಮಾತಾಡಬೇಕಾಗಿರುವುದು ಆ ವ್ಯತ್ಯಾಸದ ಬಗ್ಗೆಯೇ. ಬಿ.ಕಾಂ ನಮಗೆ ಲೆಕ್ಕ ಬಿಡಿಸುವುದನ್ನು ಕಲಿಸುತ್ತದೆ. ಎರಡೂ ಕಡೆ ಮೊತ್ತ ಸರಿಹೋಯಿತೋ, ಅಡಿಗೆರೆ ಎಳೆದು ಮುಂದಿನ ಲೆಕ್ಕ. ಸರಿಹೋಗದಿದ್ದರೆ ಸಸ್ಪೆನ್ಸ್ ಅಕೌಂಟ್ ಎಂಬ ಧರ್ಮಛತ್ರ ಇದ್ದೇ ಇದೆ. ಆದರೆ ಊರಲ್ಲಿ ಯಾರೂ ಲೆಕ್ಕ 'ಬಿಡಿಸು' ಅನ್ನುವುದಿಲ್ಲ. ಲೆಕ್ಕ 'ಕೊಡು' ಅನ್ನುತ್ತಾರೆ, ಲೆಕ್ಕ 'ಒಪ್ಪಿಸು' ಅನ್ನುತ್ತಾರೆ. ಮಗ್ಗಿ ಒಪ್ಪಿಸುವುದಕ್ಕೂ ಲೆಕ್ಕ ಒಪ್ಪಿಸುವುದಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದ. ಒಪ್ಪಿಸುವವನೊಬ್ಬ ಇದ್ದರೆ ಕೇಳುವವನೊಬ್ಬ ಬೇಕು. ಆಡಿಟ್ ಎಂಬ ಮಾತಿನ ಲ್ಯಾಟಿನ್ ಮೂಲಕ್ಕೂ 'ಕೇಳಿಸಿಕೊಳ್ಳು' ಎಂದೇ ಅರ್ಥ. ಒಬ್ಬ ಓದುತ್ತಿದ್ದ, ಇನ್ನೊಬ್ಬ ಕಿವಿಗೊಡುತ್ತಿದ್ದ. ಕನ್ನಡದ 'ಕೇಳು' ಅದಕ್ಕಿಂತ ಒಂದು ಕೈ ಮೇಲು. ಕಿವಿಗೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ಪದವಿ ಮುಗಿಸಿದ ಮೇಲೆ ಅಕೌಂಟೆಂಟ್ ಆಗಲು ಇನ್ನೂ ನಾಲ್ಕು ವರ್ಷ ಯಾಕೆ ಓದಬೇಕು ಎಂದು ನಿಮ್ಮ ಮನೆಯವರು ಕೇಳಿದರೆ, ಈ ಒಂದು ಕ್ರಿಯಾಪದ ಕಲಿಯಲು ಅಷ್ಟು ಕಾಲ ಹಿಡಿಯುತ್ತದೆ ಅನ್ನಿ.

ಹೆಸರಿನ ಗೊಂದಲ ಮೊದಲು ತೀರಿಸೋಣ. ನಮ್ಮ ಕಡೆ ಟ್ಯಾಲಿ ತಂತ್ರಾಂಶ ಬಲ್ಲವರೆಲ್ಲ ಅಕೌಂಟೆಂಟರು, ಸಿಎ ಆದವನು 'ಆಡಿಟರು'. ಟ್ಯಾಲಿ ನಮ್ಮ ಬೆಂಗಳೂರಿನದೇ ಕಂಪನಿ, 1986ರಲ್ಲಿ ಶುರುವಾದದ್ದು. ಅದನ್ನು ಕಲಿಯುವುದು ಒಳ್ಳೆಯದೇ. ಆದರೆ ಆರು ವಾರದ ಟ್ಯಾಲಿ ಕೋರ್ಸಿಗೂ ನಾನು ಹೇಳುತ್ತಿರುವುದಕ್ಕೂ, ಟೈಪಿಂಗ್ ಕಲಿಯುವುದಕ್ಕೂ ವಕೀಲಿಕೆಗೂ ಇರುವಷ್ಟೇ ದೂರ. ಚಾರ್ಟರ್ಡ್ ಅಕೌಂಟೆಂಟ್ ಎಂಬುದನ್ನು ನಮ್ಮ ನಿಘಂಟುಗಳು ಸನ್ನದು ಲೆಕ್ಕಪರಿಶೋಧಕ ಎನ್ನುತ್ತವೆ. ತಮಾಷೆಯೆಂದರೆ ನಮಗೆ ಯಾರೂ ಸನ್ನದು ಕೊಟ್ಟಿಲ್ಲ. ಎಡಿನ್‌ಬರೋದ ಲೆಕ್ಕಿಗರ ಸಂಘಕ್ಕೆ 1854ರಲ್ಲಿ ಅರಮನೆಯ ಸನ್ನದು ಸಿಕ್ಕಿತು, ಹೆಸರು ಅಲ್ಲಿಂದ ಬಂತು. ಇಲ್ಲಿ ನಮ್ಮನ್ನು ಹುಟ್ಟಿಸಿದ್ದು 1949ರ ಕಾಯ್ದೆ. ಅದು ಜಾರಿಗೆ ಬಂದದ್ದು ಜುಲೈ 1ರಂದು. ಸಂವಿಧಾನಕ್ಕಿಂತ ಆರೇಳು ತಿಂಗಳಿಗೆ ನಮ್ಮ ಸಂಸ್ಥೆ ಹಿರಿಯದು. ಅದಕ್ಕೂ ಮುಂಚೆ, 1918ರಿಂದ, ಮುಂಬಯಿಯಲ್ಲಿ ಜಿಡಿಎ ಎಂಬ ಸರ್ಕಾರಿ ಡಿಪ್ಲೊಮಾ ಇತ್ತು. 1932ರ ನಿಯಮಗಳ ಮೇಲೆ ರಿಜಿಸ್ಟರ್ಡ್ ಅಕೌಂಟೆಂಟ್ ಎಂಬ ವರ್ಗ ಬಂತು. ಆ ಕಾಲದಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಕೆಲಸ ಕಲಿಯಲು ಬಂದ ಹುಡುಗನೇ ಗುರುವಿಗೆ ಪ್ರೀಮಿಯಂ ಕಟ್ಟಬೇಕಿತ್ತು. ಮುಂಗಡ ಗುರುದಕ್ಷಿಣೆ ಅನ್ನಿ. ಈಗ ಗುರುವೇ ಶಿಷ್ಯನಿಗೆ ಸ್ಟೈಪೆಂಡ್ ಕೊಡಬೇಕು.

ಈ ಇತಿಹಾಸದಲ್ಲಿ ಒಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಇಲ್ಲಿ ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರು. ಮದರಾಸಿನ ಆರ್. ಶಿವಭೋಗಂ. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆಗೆ ಹೋಗಿ ಬಂದು, 1933ರಲ್ಲಿ ಲೆಕ್ಕಪರಿಶೋಧನೆಯ ಪರೀಕ್ಷೆ ಮುಗಿಸಿದ ದೇಶದ ಮೊದಲ ಮಹಿಳೆ. ಜೈಲಿಗೆ ಹೋದವರ ಹೆಸರನ್ನು ನೋಂದಾಯಿಸಿಕೊಳ್ಳಲಾಗದು ಎಂಬ ನಿಯಮ ಅಡ್ಡ ಬಂದಾಗ ಅದರ ವಿರುದ್ಧವೂ ಹೋರಾಡಿ, 1937ರಲ್ಲಿ ಸ್ವಂತ ಕಚೇರಿ ತೆರೆದರು. ಆಗ ನಮ್ಮ ದಕ್ಷಿಣ ಕನ್ನಡವೂ ಮದರಾಸು ಪ್ರಾಂತ್ಯದಲ್ಲೇ ಇತ್ತು; ಒಂದು ಲೆಕ್ಕದಲ್ಲಿ ಅವರು ನಮ್ಮವರೂ ಹೌದು. ಪರೀಕ್ಷೆಗೂ ಕಚೇರಿಗೂ ನಡುವೆ ನಾಲ್ಕು ವರ್ಷ ಕಾದದ್ದನ್ನು ನೆನಪಿಟ್ಟುಕೊಳ್ಳಿ. ನಿಮಗೆ ಒಂದು ಅಟೆಂಪ್ಟ್ ಹೋಯಿತೆಂದು ಹುಡುಗನ ಕಡೆಯವರು ಮನೆಗೆ ಬಂದು ಕೂತಾಗ ಬೇಕಾಗುತ್ತದೆ.

ಈಗ ದಾರಿ. ಪಿಯುಸಿ ಆದ ಕೂಡಲೇ ಹೊರಡುವವರಿಗೆ ಫೌಂಡೇಶನ್, ಇಂಟರ್‌ಮೀಡಿಯೇಟ್, ಫೈನಲ್ ಎಂದು ಮೂರು ಮೆಟ್ಟಿಲು. ನೀವು ಆ ಬಸ್ಸು ಬಿಟ್ಟಿದ್ದೀರಿ. ಬಿ.ಕಾಂನಲ್ಲಿ ಶೇಕಡಾ 55 ಬಂದರೆ ಫೌಂಡೇಶನ್ ಬರೆಯಬೇಕಿಲ್ಲ, ಸೀದಾ ಇಂಟರ್‌ಗೆ ನೋಂದಾಯಿಸಬಹುದು. ಇದಕ್ಕೆ ಡೈರೆಕ್ಟ್ ಎಂಟ್ರಿ ಎನ್ನುತ್ತಾರೆ, 2012ರಿಂದ ಇದೆ. ಬಿ.ಎಸ್ಸಿ, ಬಿ.ಎ ಮಾಡಿದವರಿಗೆ ಶೇಕಡಾ 60 ಬೇಕು. ಬಿ.ಕಾಂನಲ್ಲಿ 55 ಬಾರದವರು ಎಂ.ಕಾಂನಲ್ಲಿ ತಂದರೂ ನಡೆಯುತ್ತದೆ. ಕೊನೆಯ ವರ್ಷದಲ್ಲಿ ಓದುತ್ತಿರುವಾಗಲೇ ತಾತ್ಕಾಲಿಕವಾಗಿ ನೋಂದಾಯಿಸಿಕೊಳ್ಳಬಹುದು. ಈ ಸಭೆಯಲ್ಲಿ ಅದನ್ನು ತಿಳಿಯದವರು ಎಷ್ಟೋ ಜನ ಇರುತ್ತಾರೆಂದು ಒತ್ತಿ ಹೇಳುತ್ತಿದ್ದೇನೆ. ನೋಂದಣಿಯಾಗಿ ಎಂಟು ತಿಂಗಳು ಓದಿ ಇಂಟರ್ ಬರೆಯಬೇಕು. ಎರಡು ಗ್ರೂಪು, ಗ್ರೂಪಿಗೆ ಮೂರು ಪೇಪರು. ಪರೀಕ್ಷೆ ವರ್ಷಕ್ಕೆ ಮೂರು ಸಲ, ಜನವರಿ, ಮೇ, ಸೆಪ್ಟೆಂಬರ್ ಸುಮಾರಿಗೆ. ಇಂಟರ್ ಆದ ಮೇಲೆ ಕಂಪ್ಯೂಟರ್ ಮತ್ತು ಓರಿಯಂಟೇಶನ್ ತರಬೇತಿ, ನಂತರ ಒಬ್ಬ ಸಿಎ ಕೈಕೆಳಗೆ ಎರಡು ವರ್ಷ ಆರ್ಟಿಕಲ್‌ಶಿಪ್, ಅದು ಮುಗಿದು ಆರು ತಿಂಗಳಾದ ಮೇಲೆ ಫೈನಲ್. ಈ ವಿವರವೆಲ್ಲ 2023ರ ಜುಲೈ 1ರಿಂದ ಜಾರಿಯಾದ ಹೊಸ ಪದ್ಧತಿಯದು.

ಇಲ್ಲಿ ನಿಂತು ಸ್ವಲ್ಪ ಕೂಡಿ ಕಳೆಯೋಣ. ಪಿಯುಸಿಯಿಂದ ನೇರ ಹೋದವನು ಎಲ್ಲೂ ಎಡವದಿದ್ದರೆ ಇಪ್ಪತ್ತೆರಡಕ್ಕೆ ಸಿಎ. ನೀವು ಎಡವದಿದ್ದರೂ ಇಪ್ಪತ್ತೈದು. ಫೌಂಡೇಶನ್ ತಪ್ಪಿಸಿಕೊಂಡದ್ದರಿಂದ ಉಳಿದದ್ದು ಕೆಲವೇ ತಿಂಗಳು, ಪದವಿಗೆ ಹೋದದ್ದು ಮೂರು ವರ್ಷ. ಬರೀ ಇದನ್ನು ನೋಡಿದವರು, ಪದವಿ ಮಾಡಿ ಸಿಎಗೆ ಹೋಗುವುದು ದಡ್ಡತನ ಎನ್ನುತ್ತಾರೆ. ಕೋಚಿಂಗ್ ಸೆಂಟರಿನವರಂತೂ ಎಸ್ಸೆಸ್ಸೆಲ್ಸಿ ಮಕ್ಕಳ ಮನೆ ಬಾಗಿಲಿಗೇ ಬರುತ್ತಾರೆ.

ನಾನು ಒಪ್ಪುವುದಿಲ್ಲ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವನಿಗೆ, 'ಮೊದಲು ಒಂದು ಡಿಗ್ರಿ ಕೈಯಲ್ಲಿರಲಿ' ಎಂದ ಅಪ್ಪನದು ಹೆಡ್ಡತನವಲ್ಲ. ಆತ ನಷ್ಟದ ಮಿತಿಯನ್ನು ಮೊದಲೇ ಕಟ್ಟಿದ್ದಾನೆ, ಅಷ್ಟೆ. ಡಿಗ್ರಿ ಇದ್ದರೆ ಬ್ಯಾಂಕ್ ಪರೀಕ್ಷೆ ಉಂಟು, ಕೆಪಿಎಸ್ಸಿ ಉಂಟು, ಬಿ.ಎಡ್ ಉಂಟು. ಸಿಎಯಲ್ಲಿ ಅರ್ಧ ದಾರಿಗೆ ನಿಂತರೆ ಕೈಯಲ್ಲಿ ಏನಿದೆಯೆಂದು ನೆಂಟರಿಗೆ ವಿವರಿಸುವುದೇ ಒಂದು ಕೆಲಸ. ಅರ್ಧ ದಾರಿಗೆ ನಿಲ್ಲುವವರು ಕಡಿಮೆಯೂ ಅಲ್ಲ. 2024ರ ಮೇ ತಿಂಗಳ ಫೈನಲ್‌ನಲ್ಲಿ ಎರಡೂ ಗ್ರೂಪು ಒಟ್ಟಿಗೆ ಬರೆದವರು 35,819, ಪಾಸಾದವರು 7,122. ನೂರಕ್ಕೆ ಇಪ್ಪತ್ತು ಇಲ್ಲ. ಅದು ಸುಮಾರಾಗಿ ಒಳ್ಳೆಯ ಫಲಿತಾಂಶ ಎನ್ನಿಸಿಕೊಂಡ ಸಲ! ಬಿ.ಕಾಂನಲ್ಲಿ 85 ತಂದ ಮಕ್ಕಳು ಇಂಟರ್‌ನಲ್ಲಿ 38 ತಂದು ನನ್ನ ಕಚೇರಿಗೆ ಬಂದು ಅತ್ತಿದ್ದಾರೆ. ಪ್ರತಿ ಪೇಪರಿನಲ್ಲಿ 40, ಗ್ರೂಪಿನ ಒಟ್ಟಿನಲ್ಲಿ 50 ಬರಬೇಕು. ಎರಡರಲ್ಲಿ ಒಂದು ತಪ್ಪಿದರೆ 'ಗ್ರೂಪು ಹೋಯಿತು'. ಯಾವುದಾದರೂ ಪೇಪರಿನಲ್ಲಿ 60 ಇದ್ದರೆ ಎಕ್ಸೆಂಪ್ಶನ್ ಸಿಗುತ್ತದೆ, ಅದನ್ನು ಮುಂದಿನ ಮೂರು ಸಲ ಮತ್ತೆ ಬರೆಯಬೇಕಿಲ್ಲ. ನನ್ನ ಕಾಲದಲ್ಲಿ ಅಂಕದ ಕಾರ್ಡು ಅಂಚೆಯಲ್ಲಿ ಬರುತ್ತಿತ್ತು. ನನಗೆ ಫೈನಲ್‌ನಲ್ಲಿ ಕಾಸ್ಟಿಂಗ್ 39. ಒಂದು ಅಂಕ. ಅಂಚೆಯಣ್ಣ ಕಾರ್ಡು ಕೊಡುವ ಮೊದಲೇ ಓದಿಕೊಂಡಿದ್ದ ಎಂದು ಅವನ ಮುಖ ನೋಡಿಯೇ ತಿಳಿಯಿತು. ಆ ಗ್ರೂಪು ಮೂರನೆಯ ಸಲಕ್ಕೆ ಆಯಿತು.

ಸಂಸ್ಥೆಯ ಶುಲ್ಕ ದುಬಾರಿಯಲ್ಲ. ಎಲ್ಲ ಸೇರಿಸಿದರೂ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಒಂದು ವರ್ಷದ ಖರ್ಚಿಗಿಂತ ಕಡಿಮೆ. ಆನ್‌ಲೈನಿನಲ್ಲಿ ಸಂಸ್ಥೆಯೇ ಪುಕ್ಕಟೆ ಪಾಠ ನಡೆಸುತ್ತದೆ. ದುಬಾರಿ ಬೀಳುವುದು ಕಾಲ. ಇಪ್ಪತ್ತೊಂದರಿಂದ ಇಪ್ಪತ್ತೈದರವರೆಗೆ, ಅಣ್ಣನೋ ಭಾವನೋ ದುಡಿದು ತರುವ ಹೊತ್ತಿನಲ್ಲಿ, ನೀವು ಸ್ಟೈಪೆಂಡಿನ ಮೇಲೆ ಬದುಕಬೇಕು. ಅದರ ಕನಿಷ್ಠ ಮೊತ್ತ ಊರಿನ ಜನಸಂಖ್ಯೆಯ ಮೇಲೆ ನಿಗದಿಯಾಗುತ್ತದೆ, ಸಣ್ಣ ಊರಿಗೆ ಕಡಿಮೆ. ಆ ಹಣದಲ್ಲಿ ಪೇಟೆಯ ಪಿಜಿಯ ಬಾಡಿಗೆ ಹುಟ್ಟುವುದಿಲ್ಲ. ಮನೆಯವರಿಗೆ ಇದನ್ನು ಮೊದಲ ದಿನವೇ ಕೂರಿಸಿ ಹೇಳಿ. ನಡುವೆ ಹೇಳಿದರೆ ಸಾಲ ಬಚ್ಚಿಟ್ಟ ಹಾಗಾಗುತ್ತದೆ.

ಆರ್ಟಿಕಲ್‌ಶಿಪ್ ಬಗ್ಗೆ ಹೆಚ್ಚು ಹೊತ್ತು ಮಾತಾಡುತ್ತೇನೆ, ಕ್ಷಮಿಸಿ. ನನ್ನ ಬಳಿ ಹೇಳಲು ಇರುವುದು ಅದೇ.

ನಾನು ಸಾಗರದ ಕಡೆಯವನು, ನಾಲ್ಕು ಎಕರೆ ತೋಟದ ಮನೆ. 1984ರಲ್ಲಿ ಬಿ.ಕಾಂ ಮುಗಿಸಿ ಶಿವಮೊಗ್ಗದಲ್ಲಿ ಒಬ್ಬ ಹಿರಿಯ ಆಡಿಟರ ಹತ್ತಿರ ಆರ್ಟಿಕಲ್ ಸೇರಿದೆ. ಆಗ ಮೂರು ವರ್ಷ. ನಾವು ಗುರುವನ್ನು ಪ್ರಿನ್ಸಿಪಾಲರು ಅಂತ ಕರೆಯುತ್ತೇವೆ, ಈಗಲೂ. ಆ ವರ್ಷದ ಹಣಕಾಸು ಕಾಯ್ದೆಯಲ್ಲಿ ಒಂದು ಹೊಸ ಕಲಮು ಬಂದಿತ್ತು: ವಹಿವಾಟು 40 ಲಕ್ಷ ದಾಟಿದ ವ್ಯಾಪಾರಿ ತನ್ನ ಪುಸ್ತಕಗಳನ್ನು ಸಿಎ ಒಬ್ಬರಿಂದ ತಪಾಸಣೆ ಮಾಡಿಸಲೇಬೇಕು. ಟ್ಯಾಕ್ಸ್ ಆಡಿಟ್. ಈಗ ಆ ಮಿತಿ ಒಂದು ಕೋಟಿ, ನಗದು ವ್ಯವಹಾರ ನೂರಕ್ಕೆ ಐದರೊಳಗಿದ್ದರೆ ಹತ್ತು ಕೋಟಿ. ಜಿಲ್ಲಾ ಕೇಂದ್ರಗಳಲ್ಲಿ, ತಾಲೂಕುಗಳಲ್ಲಿ ಸಿಎಗಳು ಬೋರ್ಡು ಹಾಕಿಕೊಂಡು ಕೂರುವಂತಾದದ್ದು ಆ ಕಲಮಿನಿಂದ. ಅಲ್ಲಿಯವರೆಗೆ ಸಿಎ ಎಂದರೆ ಹೆಚ್ಚಾಗಿ ಬೆಂಗಳೂರು, ಮುಂಬಯಿಯ ಕಂಪನಿಗಳ ಮಾತು. 1985ರಲ್ಲಿ ಮಂಡಿ ವ್ಯಾಪಾರಿಗಳೆಲ್ಲ ಕಕ್ಕಾಬಿಕ್ಕಿಯಾಗಿ ಪುಸ್ತಕ ಹೊತ್ತು ಬಂದರು, ನಾವು ಅವರಿಗಿಂತ ಕಕ್ಕಾಬಿಕ್ಕಿಯಾಗಿದ್ದೆವು.

ಒಂದು ಅಡಿಕೆ ಮಂಡಿಗೆ ನನ್ನನ್ನು ಕಳಿಸಿದರು. ಕೈಗೆ ಹಸಿರು ಪೆನ್ಸಿಲು, ಟಿಕ್ ಹಾಕಲು. ಮೂರು ದಿನ ಗೋಣಿಚೀಲಗಳ ನಡುವೆ ಕೂತು ಸ್ಟಾಕ್ ಪುಸ್ತಕ ನೋಡಿದೆ. ಸರಕು, ಬೆಟ್ಟೆ, ರಾಶಿ, ಗೊರಬಲು, ಒಂದೊಂದಕ್ಕೂ ಬೇರೆ ಹಾಳೆ. ಬಂದ ತೂಕ, ಹೋದ ತೂಕ, ತಿಂಗಳ ಕೊನೆಗೆ 'ಒಣಗು' ಎಂದು ಒಂದು ಕಾಲಂ. ಅಡಿಕೆ ಒಣಗಿ ತೂಕ ಇಳಿಯುತ್ತದಲ್ಲ, ಅದು. ನೂರಕ್ಕೆ ಒಂದರಂತೆ ಕಳೆದಿದ್ದರು. ಪುಸ್ತಕದಲ್ಲಿ ಇದನ್ನು ನಾರ್ಮಲ್ ಲಾಸ್ ಅಂತ ನಾನು ಓದಿದ್ದೆ. ಗುಣಾಕಾರ ಮಾಡಿ ನೋಡಿದೆ, ಹನ್ನೆರಡು ತಿಂಗಳೂ ಕರಾರುವಾಕ್ಕು. ಖುಷಿಯಿಂದ ಸಾಲಾಗಿ ಟಿಕ್ ಹಾಕಿದೆ. ಅಕ್ಷರವೂ ಮುತ್ತಿನ ಹಾಗಿತ್ತು.

ನಾಲ್ಕನೆಯ ದಿನ ಪ್ರಿನ್ಸಿಪಾಲರು ಬಂದರು. ಕನ್ನಡಕ ಹಣೆಗೇರಿಸಿ ಪುಟ ತಿರುವಿದರು. 'ಜುಲೈ ತಿಂಗಳಲ್ಲೂ ಒಣಗಿದೆಯಲ್ಲೋ' ಎಂದರು.

'ಹೌದು ಸಾರ್, ಎಲ್ಲ ತಿಂಗಳೂ ಒಂದೇ ರೇಟು. ಚೆಕ್ ಮಾಡಿದ್ದೇನೆ.'

'ನಿಮ್ಮದು ತೋಟ ಇದೆಯಲ್ಲ?'

'ಇದೆ ಸಾರ್.'

'ಆಷಾಢದಲ್ಲಿ ನಿಮ್ಮಪ್ಪ ಅಡಿಕೆ ಮೂಟೆ ಎಲ್ಲಿಡುತ್ತಾರೆ?'

ಅಟ್ಟದ ಮೇಲೆ, ಒಲೆಯ ಹೊಗೆ ತಾಗುವ ಕಡೆ. ಯಾಕೆಂದರೆ ಮಳೆಗಾಲದ ಗಾಳಿಗೆ ಅಡಿಕೆ ಥಂಡಿ ಕುಡಿಯುತ್ತದೆ, ಬೂಸ್ಟು ಹಿಡಿಯುತ್ತದೆ. ತೂಕ ಇಳಿಯುವ ಮಾತು ಹಾಗಿರಲಿ, ಒಂದು ಕೈ ಏರಿದರೂ ಏರೀತು. ನನಗೆ ಗೊತ್ತಿತ್ತು. ಹಾಲು ಕುಡಿಯುವ ವಯಸ್ಸಿನಿಂದ ಗೊತ್ತಿತ್ತು. ಆದರೆ ಅದು ಈ ಪುಸ್ತಕಕ್ಕೆ ಸಂಬಂಧಪಟ್ಟ ತಿಳಿವಳಿಕೆ ಎಂದು ಬಿ.ಕಾಂ ಮುಗಿಸಿದ ನನಗೆ ಹೊಳೆದೇ ಇರಲಿಲ್ಲ. ಅಪ್ಪನ ಮನೆಯ ಅಡಿಕೆ ಬೇರೆ, ಲೆಕ್ಕಪುಸ್ತಕದ ಅಡಿಕೆ ಬೇರೆ ಅಂದುಕೊಂಡಿದ್ದೆ.

ಗುಮಾಸ್ತರನ್ನು ಕರೆದರು. ಅವರು ಮೊದಲು ಶರ್ಟಿನ ತೋಳು ಮಡಚಿಕೊಂಡರು, ಆಮೇಲೆ ಬಿಚ್ಚಿಕೊಂಡರು. ಕಥೆ ಇಷ್ಟೇ: ಬಿಲ್ಲಿಲ್ಲದೆ ಹೊರಗೆ ಹೋದ ಮಾಲು 'ಒಣಗಿ' ಹೋಗುತ್ತಿತ್ತು. ಧಣಿ ಹೇಳಿದ್ದರೋ, ಇವರೇ ಮಾಡಿದ್ದರೋ ಕೊನೆಗೂ ಬಗೆಹರಿಯಲಿಲ್ಲ. ಪ್ರಿನ್ಸಿಪಾಲರು ವರದಿಯಲ್ಲಿ ಎರಡು ಸಾಲು ಬರೆದರು. ಮರುವರ್ಷ ಆ ಮಂಡಿಯ ಆಡಿಟ್ ಬೇರೆ ಕಚೇರಿಗೆ ಹೋಯಿತು, ನಮ್ಮ ಫೀಜು ಅಷ್ಟು ಕಡಿಮೆಯಾಯಿತು. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ನನ್ನ ಕೈಯಿಂದ ಹಸಿರು ಪೆನ್ಸಿಲು ಮಾತ್ರ ಒಂದು ತಿಂಗಳು ಕಿತ್ತುಕೊಂಡಿದ್ದರು.

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು ತಪ್ಪೊಪ್ಪಿಗೆಯ ಪತ್ರ ಬರೆದಾಗ ನನಗೆ ನೆನಪಾದದ್ದು ಈ ಒಣಗು. ಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಬ್ಯಾಂಕಿನ ಶಿಲ್ಕನ್ನು ಬ್ಯಾಂಕಿಗೇ ನೇರವಾಗಿ ಪತ್ರ ಬರೆದು ಕೇಳಬೇಕು, ಉತ್ತರ ಕಂಪನಿಯ ಕೈಗೆ ಬರಬಾರದು, ನಮ್ಮ ಕಚೇರಿಗೇ ಬರಬೇಕು. ಇದನ್ನು ಆರ್ಟಿಕಲ್ ಸೇರಿದ ಮೊದಲ ತಿಂಗಳಲ್ಲಿ ಕಲಿಸುತ್ತಾರೆ. ಯಾವ ದೊಡ್ಡ ಪಾಂಡಿತ್ಯವೂ ಬೇಡ, ಒಂದು ಅಂಚೆ ಲಕೋಟೆ ಸಾಕು. ನಮ್ಮ ವೃತ್ತಿಯ ದೊಡ್ಡ ಸೋಲುಗಳೆಲ್ಲ ಹೆಚ್ಚುಕಡಿಮೆ ಇಂಥ ಸಣ್ಣ ಪ್ರಶ್ನೆ ಕೇಳದೆ ಆದವು.

ಅದಕ್ಕೇ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ಪನ್ನು ಮೂರರಿಂದ ಎರಡು ವರ್ಷಕ್ಕೆ ಇಳಿಸಿದ್ದು ನನಗೆ ಸರಿಕಾಣಲಿಲ್ಲ. ಇಳಿಸಿದವರಿಗೂ ಕಾರಣಗಳಿವೆ. ಹುಡುಗರು ಬೇಗ ಹೊರಬರಲಿ, ಓದಿಗೆ ಬೇರೆ ಆರು ತಿಂಗಳು ಸಿಗಲಿ ಎಂದು. ಹಿಂದೆ ಮೂರನೇ ವರ್ಷದ ಬಹುಪಾಲು ಪರೀಕ್ಷೆಯ ರಜೆಯಲ್ಲೇ ಹೋಗುತ್ತಿತ್ತು, ಅದೂ ನಿಜ. ಈಗ ವರ್ಷಕ್ಕೆ 12 ದಿನ ಮಾತ್ರ ರಜೆ. ಆದರೆ ಒಂದು ಅಡಿಕೆ ಮಂಡಿಯನ್ನು ಒಂದೇ ವರ್ಷ ನೋಡಿದರೆ ಏನೂ ತಿಳಿಯುವುದಿಲ್ಲ. ಎರಡನೇ ವರ್ಷ ಹೋದಾಗ, ಹೋದ ವರ್ಷ ಹೀಗಿರಲಿಲ್ಲವಲ್ಲ ಅನ್ನಿಸುತ್ತದೆ. ಮೂರನೇ ವರ್ಷ ಹೋದಾಗ ಗುಮಾಸ್ತರು ತಾವಾಗಿ ಚಹಾ ತರಿಸಿ ಕಷ್ಟಸುಖ ಹೇಳುತ್ತಾರೆ. ಆಡಿಟಿನ ಅರ್ಧ ಅದರಲ್ಲಿದೆ. ಆ ಮೂರನೇ ವರ್ಷವನ್ನೇ ಕತ್ತರಿಸಿದ್ದಾರೆ. ಇನ್ನು ಹೆಸರಿಗೆ ಮಾತ್ರ ಒಂದು ಕಚೇರಿಯಲ್ಲಿ ನೋಂದಾಯಿಸಿ, ಮನೆಯಲ್ಲಿ ಕೂತು ಓದುವ ಡಮ್ಮಿ ಆರ್ಟಿಕಲ್ ಎಂಬುದೊಂದಿದೆ. ಸಂಸ್ಥೆ ಅದನ್ನು ಹಿಡಿದರೆ ಕ್ರಮ ಕೈಗೊಳ್ಳುತ್ತದೆ, ಎಲ್ಲವೂ ಸಿಗುವುದಿಲ್ಲ. ಹಾಗೆ ಪಾಸಾದವರನ್ನು ನಾನು ಕೆಲಸಕ್ಕೆ ತೆಗೆದುಕೊಂಡಿದ್ದೇನೆ. ಕಾಯ್ದೆಯ ಕಲಮುಗಳು ಬಾಯಿಪಾಠ, ಬ್ಯಾಂಕಿನ ಪಾಸ್‌ಬುಕ್ ಕೈಗೆ ಕೊಟ್ಟರೆ ಯಾವ ಕಡೆಯಿಂದ ತೆರೆಯಬೇಕೆಂದು ತಡಕಾಡುತ್ತಾರೆ. ಸುಳ್ಳು ಲೆಕ್ಕ ಹಿಡಿಯುವ ವೃತ್ತಿಗೆ ಸುಳ್ಳು ಹಾಜರಿಯಿಂದ ಪ್ರವೇಶ!

ನೀವು ಸೇರುವ ಕಚೇರಿ ಆರಿಸುವಾಗ ದೊಡ್ಡ ಹೆಸರನ್ನು ಬೆನ್ನು ಹತ್ತಬೇಡಿ ಎಂದು ನಾನು ಹೇಳುವುದಿಲ್ಲ, ಬೆಂಗಳೂರಿನ ದೊಡ್ಡ ಕಚೇರಿಗಳಲ್ಲಿ ಸ್ಟೈಪೆಂಡೂ ಹೆಚ್ಚು, ಕಂಪನಿಗಳ ಲೆಕ್ಕವೂ ಕಣ್ಣಿಗೆ ಬೀಳುತ್ತದೆ. ಆದರೆ ಅಲ್ಲಿ ಎರಡು ವರ್ಷವೂ ಒಂದೇ ಕಂಪನಿಯ ಸ್ಥಿರಾಸ್ತಿ ಪಟ್ಟಿ ನೋಡುತ್ತ ಕೂತವರಿದ್ದಾರೆ. ಜಿಲ್ಲಾ ಕೇಂದ್ರದ ಕಚೇರಿಯಲ್ಲಿ ಬೆಳಿಗ್ಗೆ ಅಕ್ಕಿ ಗಿರಣಿ, ಮಧ್ಯಾಹ್ನ ನರ್ಸಿಂಗ್ ಹೋಮ್, ಸಂಜೆ ಜಿಎಸ್‌ಟಿ ರಿಟರ್ನ್. ಜಿಎಸ್‌ಟಿ ಜಾರಿಗೆ ಬಂದದ್ದೂ ಜುಲೈ 1ರಂದೇ, 2017ರಲ್ಲಿ. ನಮ್ಮ ಹುಟ್ಟುಹಬ್ಬದ ದಿನವೇ ಉಡುಗೊರೆ ಕೊಟ್ಟರು. ಅಂದಿನಿಂದ ಹಬ್ಬ ಆಚರಿಸಲು ಪುರಸೊತ್ತಿಲ್ಲ.

ಇನ್ನು ಭಾಷೆ. ಸಿಎ ಪರೀಕ್ಷೆಯಲ್ಲಿ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಹಿಂದಿಯಲ್ಲಿ ಬರೆಯಬಹುದು. ಕನ್ನಡದಲ್ಲಿ ಇಲ್ಲ. ಲಖನೌದ ಹುಡುಗನಿಗೆ ಇರುವ ಅನುಕೂಲ ಲಕ್ಷ್ಮೇಶ್ವರದ ಹುಡುಗನಿಗೆ ಇಲ್ಲ. ಇದು ಅನ್ಯಾಯ, ಇದನ್ನು ಕೇಳಲೇಬೇಕು. ಕೇಳುತ್ತಲೇ ಪರೀಕ್ಷೆಯನ್ನೂ ಬರೆಯಬೇಕು. ಕನ್ನಡದಲ್ಲಿ ಬಿ.ಕಾಂ ಬರೆದವರು ಇಂಟರ್‌ನಲ್ಲಿ ಎಡವುವುದು ಲೆಕ್ಕದಲ್ಲಲ್ಲ, ಕಾನೂನು ಮತ್ತು ಆಡಿಟಿಂಗ್ ಪೇಪರಿನಲ್ಲಿ. ಲೆಕ್ಕದ ಪೇಪರಿಗೆ ಅಂಕಿಗಳ ಆಸರೆ ಇದೆ. ಕಾನೂನು, ಆಡಿಟಿಂಗಿನಲ್ಲಿ ವಾಕ್ಯವೇ ಆಸ್ತಿ. ನನ್ನ ಕಚೇರಿಗೆ ಬರುವವರಿಗೆ ನಾನು ಒಂದು ಕೆಲಸ ಹಚ್ಚುತ್ತೇನೆ. ದಿನಕ್ಕೊಂದು ಕಲಮನ್ನು ಇಂಗ್ಲಿಷಿನಲ್ಲಿ ಓದಿ, ಅದನ್ನು ನಿಮ್ಮ ಅಜ್ಜಿಗೆ ತಿಳಿಯುವ ಕನ್ನಡದಲ್ಲಿ ಹೇಳಿ, ಆಮೇಲೆ ಪುಸ್ತಕ ಮುಚ್ಚಿ ಇಂಗ್ಲಿಷಿನಲ್ಲಿ ಬರೆಯಿರಿ. ಅಜ್ಜಿಗೆ ಹೇಳಲಾಗದ್ದು ನಿಮಗೂ ತಿಳಿದಿಲ್ಲ.

ಕನ್ನಡಕ್ಕೆ ಲೆಕ್ಕದ ಭಾಷೆ ಇಲ್ಲವೆಂದು ಮಾತ್ರ ಯಾರೂ ಹೇಳಬೇಡಿ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ' ಎಂದು ಗ್ರಂಥಕ್ಕೆ ಹೆಸರಿಟ್ಟ. ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪು ಮಾಡಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ನಮ್ಮ ವರ್ತಕರು, ಶಾನುಭೋಗರು ತಲೆತಲಾಂತರ ಲೆಕ್ಕ ಬರೆದರು. ಉತ್ತರ ಕರ್ನಾಟಕದ ಸಹಕಾರಿ ಸಂಘಗಳಲ್ಲಿ ಇವತ್ತೂ ಕಿರ್ದಿ, ಖತಾವಣಿ, ತೇರೀಜು, ಅಢಾವೆ ಪತ್ರಿಕೆ ಎಂಬ ಮಾತುಗಳು ಓಡಾಡುತ್ತವೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ ನಾಡು ಇದು. ಅಂಥ ಸಂಘಗಳ ಪುಸ್ತಕ ಕನ್ನಡದಲ್ಲಿದೆ. ರಾಜಧಾನಿಯಿಂದ ಬಂದ ಬುದ್ಧಿವಂತ ಹುಡುಗನೊಬ್ಬ 'ಶಿಲ್ಕು' ಎಂಬುದನ್ನು ಯಾವುದೋ ಗಿರಾಕಿಯ ಹೆಸರೆಂದು ತಿಳಿದು ಅವರಿಂದ ಬಾಕಿ ಎಷ್ಟು ಬರಬೇಕೆಂದು ಕೇಳಿದ್ದನ್ನು ನಾನೇ ಕೇಳಿದ್ದೇನೆ. ಶಿಲ್ಕು ಎಂದರೆ ಉಳಿಕೆ ಎಂದು ನಿಮಗೆ ಗೊತ್ತು. ಅದು ಸಣ್ಣ ಬಂಡವಾಳವಲ್ಲ.

ಸಿಎ ಒಂದೇ ದಾರಿಯಲ್ಲ ಎಂಬುದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮೇಷ್ಟರು ಬೈದಾರು. ಕಾರ್ಖಾನೆಯ ಒಳಗಿನ ಲೆಕ್ಕ ಇಷ್ಟವಾದರೆ ಕಾಸ್ಟ್ ಅಕೌಂಟೆನ್ಸಿ ಉಂಟು, 1959ರ ಕಾಯ್ದೆಯ ಸಂಸ್ಥೆ. ಭದ್ರಾವತಿಯಂಥ ಕಾರ್ಖಾನೆಯ ಊರಿನವರಿಗೆ ಅದು ಹೊಸತಲ್ಲ. ಕಾನೂನು ಇಷ್ಟವಾದರೆ ಕಂಪನಿ ಸೆಕ್ರೆಟರಿ. ಬ್ರಿಟನ್ನಿನ ಎಸಿಸಿಎ ಈಗ ಬೆಂಗಳೂರಿನ ಕಾಲೇಜುಗಳಲ್ಲಿ ಬಿ.ಕಾಂ ಜೊತೆಗೇ ಮಾರಾಟಕ್ಕಿದೆ. ವಿದೇಶಿ ಕಂಪನಿಗಳ ಕಚೇರಿಯಲ್ಲಿ ಕೆಲಸ ಕೊಡಿಸುತ್ತದೆ, ಆದರೆ ಅದರ ಬಲದ ಮೇಲೆ ಇಲ್ಲಿನ ಆಡಿಟ್ ವರದಿಗೆ ಸಹಿ ಹಾಕಲಾಗದು. ಸೇರಿಸಿಕೊಳ್ಳುವವರು ಇದನ್ನು ಸಣ್ಣಕ್ಷರದಲ್ಲಿ ಹೇಳುತ್ತಾರೆ. ಇನ್ನು, ಕಂಪ್ಯೂಟರೇ ಎಲ್ಲ ಮಾಡುವಾಗ ನೀವು ಯಾಕೆ ಎಂದು ನನ್ನ ಮಗಳೂ ಕೇಳುತ್ತಾಳೆ. ಒಣಗು ನೂರಕ್ಕೆ ಒಂದು ಎಂದು ಹನ್ನೆರಡು ತಿಂಗಳೂ ತಪ್ಪಿಲ್ಲದೆ ಗುಣಿಸುವುದರಲ್ಲಿ ಕಂಪ್ಯೂಟರು ನನಗಿಂತ ಚುರುಕು, ಸಂಶಯವಿಲ್ಲ.

ಕೊನೆಗೊಂದು ಪ್ರಸಂಗ ಹೇಳಿ ಮುಗಿಸುತ್ತೇನೆ. ಅದನ್ನು ಹೇಳಬೇಕೋ ಬೇಡವೋ ಎಂದು ಬಸ್ಸಿನುದ್ದಕ್ಕೂ ಯೋಚಿಸುತ್ತ ಬಂದೆ.

ಸಿಎ ಆಗಿ, ಬೋರ್ಡು ಬರೆಸಿ, ವರ್ಷ ತುಂಬಿರಲಿಲ್ಲ. ಒಂದು ಊರಿನ ವಿದ್ಯಾಸಂಸ್ಥೆಯ ಲೆಕ್ಕಕ್ಕೆ ನಾನು ಆಡಿಟರು. ಸೆಪ್ಟೆಂಬರಿನಲ್ಲಿ ಸರ್ವಸದಸ್ಯರ ಸಭೆ, ಶಾಲೆಯ ಜಗಲಿಯಲ್ಲಿ. ಹೊಸ ಕೋಟು ಹಾಕಿಕೊಂಡು ಹೋಗಿದ್ದೆ. ಅಧ್ಯಕ್ಷರು ನನ್ನಿಂದಲೇ ಆಸ್ತಿ-ಹೊಣೆ ಪಟ್ಟಿ ಓದಿಸಿದರು. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿಕೊಂಡು ಓದುತ್ತ ಹೋದೆ. ಕಟ್ಟಡ ಇಷ್ಟು, ಪೀಠೋಪಕರಣ ಇಷ್ಟು, ಬ್ಯಾಂಕಿನಲ್ಲಿ ಇಷ್ಟು, ಕೈಶಿಲ್ಕು ಹದಿನೆಂಟು ಸಾವಿರದ ಚಿಲ್ಲರೆ.

ಹಿಂದೆ ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಮುದುಕರು ಕೈ ಎತ್ತಿದರು. ಶಾಲೆಗೆ ಜಾಗ ಬಿಟ್ಟುಕೊಟ್ಟವರಂತೆ, ಆಮೇಲೆ ಗೊತ್ತಾಯಿತು. ಓದು ಬರಹ ಬರುತ್ತಿರಲಿಲ್ಲ.

'ಕೈಶಿಲ್ಕು ಅಂದ್ರಲ್ಲ ಸ್ವಾಮಿ,' ಎಂದರು, 'ಯಾರ ಕೈಯಾಗೈತಿ?'

ಸಭೆ ನಕ್ಕಿತು. ನಾನೂ ನಗಲು ಬಾಯಿ ತೆರೆದೆ. ಕಾರ್ಯದರ್ಶಿ ನಗಲಿಲ್ಲ. ಮಾರ್ಚ್ 31ರ ಸಂಜೆ ನಾನು ಹೋಗಿ ಎಣಿಸಬೇಕಿದ್ದ ಹಣ ಅದು. ದೂರದ ಊರು, ಬಸ್ಸಿಲ್ಲ, ಹೆಂಡತಿಗೆ ಹುಷಾರಿರಲಿಲ್ಲ. ಕಾರ್ಯದರ್ಶಿಯೇ ಬರೆದುಕೊಟ್ಟ ಚೀಟಿಯನ್ನು ಫೈಲಿಗೆ ಚುಚ್ಚಿ ಟಿಕ್ ಹಾಕಿದ್ದೆ. ಹಸಿರು ಪೆನ್ಸಿಲಿನಲ್ಲಿ.

'ನಾನು ಎಣಿಸಿಲ್ಲ ಅಜ್ಜಾ' ಎಂದೆ.

ಅವರು ಕೋಪ ಮಾಡಲಿಲ್ಲ. 'ಹಂಗಾರೆ ಓದೂದು ನಿಲ್ಸಿ, ಹೋಗಿ ಎಣಿಸ್ಕೊಂಡು ಬರ್ರಿ, ನಾವು ಕುಂತಿರ್ತೀವಿ' ಎಂದರು. ಅರವತ್ತು ಜನ ಜಗಲಿಯ ಮೇಲೆ ಕೂತೇ ಇದ್ದರು. ಕಾರ್ಯದರ್ಶಿ ಬೀಗದ ಕೈಗಾಗಿ ಎರಡೂ ಜೇಬು ತಡಕುತ್ತಿದ್ದರು. ನಾನು ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿ ಅವರ ಹಿಂದೆ ಆಫೀಸು ಕೋಣೆಗೆ ನಡೆದೆ.